ಆರ್‌ಸೆಟಿ ತರಬೇತಿಗೆ ಮೊದಲು ಹೋಗಲಾ, ನೇರ ಸಾಲಕ್ಕೇ ಅರ್ಜಿ ಹಾಕಲಾ?

ಶಿರಾ ಕಡೆಯವರು ಅಂತ ಬರೆದಿದ್ದೀರಿ. ಮನೆಯಲ್ಲೇ ರಾಗಿ ಮಾಲ್ಟ್ ಮಾಡಿ ಮಾರುವ ಯೋಚನೆ ನಿಮ್ಮದು. ತುಮಕೂರಿನ ಆರ್‌ಸೆಟಿಯಲ್ಲಿ, ಅಂದರೆ ಬ್ಯಾಂಕಿನವರು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ, ಹತ್ತು ದಿನ ಕೂತರೆ ನಿಜವಾಗಲೂ ಏನಾದರೂ ಸಿಗುತ್ತದಾ, ಇಲ್ಲ ಬರೀ ಸರ್ಟಿಫಿಕೇಟಾ, ಅದರ ಬದಲು ನೇರ ಮುದ್ರಾ ಸಾಲಕ್ಕೆ (ಸಣ್ಣ ವ್ಯಾಪಾರದವರಿಗೆ ಬ್ಯಾಂಕು ಕೊಡುವ ಸರ್ಕಾರಿ ಯೋಜನೆಯ ಸಾಲ) ಹೋಗೋದು ವಾಸಿಯಾ ಅಂತ ಕೇಳಿದ್ದೀರಿ.

ಹೋಗಿ. ಸಾಲಕ್ಕೆ ಮೊದಲು ಹೋಗಿ. ನಾನು ಉಲ್ಟಾ ಮಾಡಿದವಳು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನನ್ನದು ಗುಬ್ಬಿ ತಾಲ್ಲೂಕು. 2022ರಿಂದ ಮನೆಯಲ್ಲೇ ನಿಪ್ಪಟ್ಟು, ಕೋಡುಬಳೆ ಮಾಡಿ ಅಂಗಡಿಗಳಿಗೆ ಹಾಕುತ್ತೇನೆ. ಶುರು ಮಾಡುವಾಗ ಯಾರನ್ನೂ ಕೇಳಲಿಲ್ಲ. ನಿನ್ನ ಕೈರುಚಿ ಚೆನ್ನಾಗಿದೆ ಅಂತ ಊರವರೆಲ್ಲ ಹೇಳುತ್ತಿದ್ದರು, ಅಷ್ಟು ಸಾಕು ಅಂದುಕೊಂಡೆ. ಒಂದು ಫೈನಾನ್ಸ್ ಕಂಪನಿಯವರು ಮನೆ ಬಾಗಿಲಿಗೇ ಬಂದು 60,000 ಕೊಟ್ಟರು. ‘ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಬಡ್ಡಿ’ ಅಂದರು. ಕೈಸಾಲಕ್ಕೆ ಮೂರು ರೂಪಾಯಿ ಬಡ್ಡಿ ಕೊಟ್ಟು ಗೊತ್ತಿದ್ದವಳಿಗೆ ಇದು ಪುಣ್ಯ ಅನ್ನಿಸಿತು. ತಿಂಗಳಿಗೆ 3,100ರಂತೆ 24 ಕಂತು. ಕಷ್ಟವೋ ಸುಖವೋ, ಒಂದು ಕಂತೂ ತಪ್ಪಿಸದೆ ಕಟ್ಟಿದೆ.

2024ರಲ್ಲಿ ಪರಿಚಯದವರೊಬ್ಬರು ಎಳಕೊಂಡು ಹೋದ ಹಾಗೆ ತರಬೇತಿಗೆ ಹೋದೆ. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿಯ ಬ್ಯಾಚು. ಊಟ, ವಸತಿ, ಕಲಿಕೆ ಎಲ್ಲ ಪುಕ್ಕಟೆ. ಉಪ್ಪಿನಕಾಯಿ ಹಾಕೋದನ್ನ ಇವರು ನನಗೇನು ಕಲಿಸುತ್ತಾರೆ ಅಂತ ಮನಸ್ಸಿನಲ್ಲಿ ಇತ್ತು. ಉಪ್ಪಿನಕಾಯಿಗಿಂತ ಹೆಚ್ಚು ಕಲಿತದ್ದು ಲೆಕ್ಕವನ್ನ.

ಮೂರನೇ ದಿನ ಇರಬೇಕು, ಮೇಡಂ ನನ್ನ ನಿಪ್ಪಟ್ಟಿನ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಸಿದರು. ಒಂದು ಸಲ ಕರಿದರೆ 7 ಕಿಲೋ ಆಗುತ್ತಿತ್ತು. ಅಕ್ಕಿ ಹಿಟ್ಟು 250, ಹುರಿಗಡಲೆ-ಶೇಂಗಾ 130, ಎಣ್ಣೆ 225, ಖಾರದ ಪುಡಿ-ಎಳ್ಳು-ಬೆಣ್ಣೆ ಇತ್ಯಾದಿ 95, ಗ್ಯಾಸು 100, ಕವರು 80. ಒಟ್ಟು 880. ಅಂಗಡಿಗೆ ಕಿಲೋಗೆ 160ರಂತೆ ಹಾಕುತ್ತಿದ್ದೆ, 1,120 ಬರುತ್ತಿತ್ತು. ‘240 ಲಾಭ ಮೇಡಂ’ ಅಂದೆ.

‘ಅಂಗಡಿಗೆ ಹೇಗೆ ತಲುಪಿಸ್ತೀರಿ?’

ಆಟೋಗೆ 80. ಅದನ್ನ ನಾನು ಮನೆ ಖರ್ಚಿಗೆ ಬರೆದುಕೊಳ್ಳುತ್ತಿದ್ದೆ. 160ಕ್ಕೆ ಇಳಿಯಿತು.

‘ಕೂಲಿ ಎಲ್ಲಿ?’

‘ಯಾರ ಕೂಲಿ ಮೇಡಂ?’

‘ನಿಮ್ಮದು. ನಿಮ್ಮ ಅತ್ತೆಯವರದು.’

ಇಬ್ಬರೂ ತಲಾ ಐದು ಗಂಟೆ, ಅಂದರೆ ಒಟ್ಟು ಹತ್ತು ಗಂಟೆ. ಗಂಟೆಗೆ 16 ರೂಪಾಯಿ. ಆ ವರ್ಷ ನರೇಗಾ ಕೂಲಿ ದಿನಕ್ಕೆ 349 ಇತ್ತು. ನಾವು ಕಾದ ಎಣ್ಣೆ ಮುಂದೆ ಅರ್ಧ ದಿನ ಕೂತು ತಲಾ 80 ದುಡಿಯುತ್ತಿದ್ದೆವು. ಎರಡು ವರ್ಷ ಅತ್ತೆ ಸೊಂಟ ಹಿಡಿದುಕೊಂಡು ನಿಪ್ಪಟ್ಟು ತಟ್ಟಿದ್ದು ಕಣ್ಣ ಮುಂದೆ ಬಂತು. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ.

ಮಾರನೇ ದಿನ ಬಡ್ಡಿಯ ಪಾಠ. ನನ್ನ 60,000 ಸಾಲವನ್ನೇ ಕೊಟ್ಟೆ. ಅವರು ಹಾಕಿದ್ದು ಫ್ಲಾಟ್ ರೇಟ್. ಅಂದರೆ ನಾನು ಅರ್ಧ ಅಸಲು ತೀರಿಸಿದ ಮೇಲೂ ಪೂರ್ತಿ 60,000ಕ್ಕೇ ಬಡ್ಡಿ ಎಣಿಸುತ್ತಾ ಹೋದರು. ಎರಡು ವರ್ಷಕ್ಕೆ ಬಡ್ಡಿ 14,400. ಅದೇ 12 ಪರ್ಸೆಂಟನ್ನ ಉಳಿದ ಅಸಲಿನ ಮೇಲೆ ಮಾತ್ರ ಹಾಕಿದ್ದರೆ ಕಂತು 2,824, ಒಟ್ಟು ಬಡ್ಡಿ 7,800ರ ಒಳಗೆ ಮುಗಿಯುತ್ತಿತ್ತು. ನಾನು ಕಟ್ಟಿದ್ದು ನಿಜವಾಗಿ ವರ್ಷಕ್ಕೆ 21 ಪರ್ಸೆಂಟಿಗೂ ಮೇಲೆ. ದಿನಗಂತಿನವರದಂತೂ ಕೇಳಲೇಬೇಡಿ. 10,000 ಅಂತ ಬರೆಸಿಕೊಂಡು 9,000 ಕೈಗೆ ಕೊಡುತ್ತಾರೆ, ದಿನಕ್ಕೆ 100ರಂತೆ ನೂರು ದಿನ ವಸೂಲಿ. ಸಾವಿರ ತಾನೇ ಅನ್ನಿಸುತ್ತದೆ. ದಿನಾ ಅಸಲು ಕರಗುತ್ತಾ ಹೋಗುವುದನ್ನ ಲೆಕ್ಕಕ್ಕೆ ಹಿಡಿದರೆ ಅದು ವರ್ಷಕ್ಕೆ ಸುಮಾರು 80 ಪರ್ಸೆಂಟ್ ಬಡ್ಡಿ. ನಮ್ಮ ಕಡೆ ಸೊಪ್ಪು, ಹೂವು ಮಾರುವ ಎಷ್ಟು ಜನ ಹೆಂಗಸರು ಇದರಲ್ಲೇ ಸಿಕ್ಕಿಕೊಂಡಿದ್ದಾರೆ ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಇದೇನು ದೊಡ್ಡ ವಿದ್ಯೆಯಲ್ಲ, ಹೈಸ್ಕೂಲಿನಲ್ಲೇ ಎಲ್ಲರಿಗೂ ಹೇಳಿಕೊಡಬೇಕಾದ ಲೆಕ್ಕ.

ಆಟಗಳನ್ನೂ ಆಡಿಸುತ್ತಾರೆ, ಮಕ್ಕಳಾಟ ಅಂತ ಬೇಸರ ಮಾಡಿಕೊಳ್ಳಬೇಡಿ. ರಿಂಗ್ ಎಸೆಯೋ ಆಟದಲ್ಲಿ ಎಷ್ಟು ದೂರ ನಿಲ್ಲಬೇಕು ಅನ್ನೋದು ನಿಮ್ಮ ಇಷ್ಟ. ದೂರ ಹೋದಷ್ಟೂ ಪಾಯಿಂಟ್ ಜಾಸ್ತಿ. ನಾನು ಕಂಬದ ಬುಡದಲ್ಲೇ ನಿಂತು ಎಲ್ಲ ಹಾಕಿದೆ, ಪಾಯಿಂಟು ಮಾತ್ರ ಏನೂ ಇಲ್ಲ. ಒಬ್ಬ ಹುಡುಗ ಗೋಡೆಗೆ ಒರಗಿ ನಿಂತು ಎಸೆದ, ಒಂದೂ ಬೀಳಲಿಲ್ಲ. ಪಾವಗಡದ ಒಬ್ಬರು ಒಂದು ರಿಂಗ್ ಬಿದ್ದರೆ ಒಂದು ಹೆಜ್ಜೆ ಹಿಂದೆ, ತಪ್ಪಿದರೆ ಅರ್ಧ ಹೆಜ್ಜೆ ಮುಂದೆ ಬರುತ್ತಾ ಆಡಿ ಗೆದ್ದರು. ಎಷ್ಟು ಸಾಲ ತಗೊಳ್ಳಲಿ ಅನ್ನೋ ಪ್ರಶ್ನೆ ಬಂದಾಗಲೆಲ್ಲ ನನಗೆ ಅವರು ನಿಂತಿದ್ದ ಜಾಗ ನೆನಪಾಗುತ್ತದೆ.

ಆ ಪಾವಗಡದವರೇ ಆಮೇಲೆ ಪಿಎಂಇಜಿಪಿಯಲ್ಲಿ, ಅಂದರೆ ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಸಾಲ ಕೊಡುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ, ಹಿಟ್ಟಿನ ಗಿರಣಿ ಹಾಕಿದರು. 4 ಲಕ್ಷದ ಯೋಜನೆ. ಹಳ್ಳಿಯಲ್ಲಿ ಘಟಕ ಹಾಕುವ ಹೆಂಗಸರಿಗೆ ಕೈಯಿಂದ ಹಾಕಬೇಕಾದ್ದು ನೂರಕ್ಕೆ 5, ಅಂದರೆ 20,000. ಸಬ್ಸಿಡಿ ನೂರಕ್ಕೆ 35, ಅಂದರೆ 1,40,000. ಊರಲ್ಲೆಲ್ಲ ‘ಅವಳಿಗೆ ಒಂದೂವರೆ ಲಕ್ಷ ಸುಮ್ಮನೆ ಬಂತು’ ಅಂತ ಮಾತು. ಬರಲಿಲ್ಲ. ಬ್ಯಾಂಕು 3,80,000 ಸಾಲ ಕೊಟ್ಟಿತು, ಸಬ್ಸಿಡಿ ಅವರ ಹೆಸರಲ್ಲಿ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿ. ಗಿರಣಿ ನಡೀತಾ ಇದ್ದರೆ ಮಾತ್ರ ಅದು ಸಾಲಕ್ಕೆ ವಜಾ ಆಗುತ್ತದೆ. ಸಬ್ಸಿಡಿ ನೋಡಿ ವ್ಯಾಪಾರ ಆರಿಸಿಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ. ನಿಯಮಗಳು ಆಗಾಗ ಬದಲಾಗುತ್ತವೆ, ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನದ್ದನ್ನ ಕೇಳಿಕೊಳ್ಳಿ.

ಮುದ್ರಾ ಒಳ್ಳೆಯದೇ. ನಾನೂ ತರಬೇತಿ ಆದ ಮೇಲೆ ಅದರ ಅತಿ ಸಣ್ಣ ಸಾಲದ ಶಿಶು ವಿಭಾಗದಲ್ಲಿ 50,000 ತಗೊಂಡು ಹಿಟ್ಟು ಕಲಸೋ ಮಷೀನು ಹಾಕಿಸಿದೆ. ಅಡಮಾನ ಕೇಳುವುದಿಲ್ಲ. ಒಂದು ಬ್ಯಾಂಕಿನಲ್ಲಿ ಎರಡು ಸಲ ವಾಪಸ್ ಕಳಿಸಿದರು, ಮೂರನೇ ಸಲ ಆರು ತಿಂಗಳ ಲೆಕ್ಕದ ಪುಸ್ತಕ ಮೇಜಿನ ಮೇಲೆ ಇಟ್ಟೆ. ಆವತ್ತು ಮ್ಯಾನೇಜರು ಕೂತುಕೊಳ್ಳಿ ಅಂದರು.

ಇನ್ನೊಂದು, ಸಣ್ಣ ಉದ್ಯಮದವರು ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಗೆ ಒಂದು ಪೈಸೆಯೂ ಖರ್ಚಿಲ್ಲ. ನನ್ನ ಹತ್ತಿರ ಒಬ್ಬ ಏಜೆಂಟು 1,500 ತಗೊಂಡಿದ್ದ. ತಿನ್ನೋ ಪದಾರ್ಥ ಆದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು. ನಾನು ಮಾಡಿಸಿದಾಗ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಇತ್ತು.

ತರಬೇತಿಯಿಂದ ವ್ಯಾಪಾರ ತಾನಾಗಿ ಬರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ವಾಪಸ್ ಬಂದು ರೇಟು ಏರಿಸಿದೆ, 200 ಗ್ರಾಂ ಪ್ಯಾಕೆಟ್ ಮಾಡಿ ಅಂಗಡಿಗೆ 40ಕ್ಕೆ ಹಾಕಿದೆ. ಇಬ್ಬರು ಅಂಗಡಿಯವರು ಬೇಡ ಅಂದುಬಿಟ್ಟರು. ಒಂದು ತಿಂಗಳು ಅಳುಕು ಇತ್ತು. ಆಮೇಲೆ ಒಬ್ಬರು ತಾವೇ ಫೋನ್ ಮಾಡಿದರು. ಉದ್ರಿ ನಿಲ್ಲಿಸೋಕೆ ಆಗಲಿಲ್ಲ, ಆದರೆ ಹಿಂದಿನ ಸಲದ ದುಡ್ಡು ಬರದೆ ಹೊಸ ಮಾಲು ಇಳಿಸೋದಿಲ್ಲ.

ಮನೆಯಲ್ಲಿ ಈಗ ಎರಡು ಡಬ್ಬಿ. ಮೊದಲು ನಿಪ್ಪಟ್ಟಿನ ದುಡ್ಡಲ್ಲೇ ಮಗನ ಟ್ಯೂಷನ್ನು, ಸಿಲಿಂಡರು, ಮದುವೆ ಮನೆಯ ಮುಯ್ಯಿ ಎಲ್ಲ ಹೋಗುತ್ತಿತ್ತು, ಎಣ್ಣೆ ತರೋಕೆ ಮತ್ತೆ ಸಾಲ. ಈಗ ತಿಂಗಳ ಒಂದನೇ ತಾರೀಕು ವ್ಯಾಪಾರದ ಡಬ್ಬಿಯಿಂದ ನನಗೆ, ಅತ್ತೆಗೆ ಸಂಬಳ ತೆಗೆದು ಪುಸ್ತಕದಲ್ಲಿ ಬರೆಯುತ್ತೇನೆ. ಅತ್ತೆ ಮೊದಲ ಸಂಬಳದಲ್ಲಿ ಎಡೆಯೂರಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದರು.

ನೀವು ಹೋಗುವ ಮುಂಚೆ ಒಂದು ಕೆಲಸ ಮಾಡಿ. ಹತ್ತು ಕಿಲೋ ರಾಗಿ ತೂಗಿ ತಗೊಳ್ಳಿ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಜರಡಿ ಹಿಡಿದ ಮೇಲೆ ಕೈಗೆ ಎಷ್ಟು ಕಿಲೋ ಸಿಕ್ಕಿತು ತೂಗಿ. ಜರಡಿಯ ಮೇಲೆ ಉಳಿದ ತವುಡನ್ನೂ ತೂಗಿ. ಗಿರಣಿಗೆ ಕೊಟ್ಟದ್ದು, ಗ್ಯಾಸು, ನೀವು ನಿಂತ ಗಂಟೆಗಳು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ. ಲೆಕ್ಕದ ಕ್ಲಾಸಿನ ದಿನ ಮೊದಲು ನೀವೇ ಎದ್ದು ಅದನ್ನ ಬೋರ್ಡಿಗೆ ಬರೆಯಿರಿ.