ಯೀಸ್ಟ್ ಒಳಗೆ ಕಂಡ ಆ ಗುಂಡು ಜಾಗ

ಮೇಡಂ, ಬ್ರೆಡ್ ಯೀಸ್ಟ್‌ನ ನಿಮ್ಮ ಫೋಟೋ ನೋಡಿದೆ. ಕೋಶದೊಳಗೆ ಕಾಣುವ ಗುಂಡು ಜಾಗ ನ್ಯೂಕ್ಲಿಯಸ್ಸಾ, ಒಳಗೆ ಹೊಸ ಪೊರೆ ಕಟ್ಟಿಸುವುದು ಯಾವ ಜೀನ್ ಅಂತ ಕೇಳಿದ್ದೀರಿ. ಅದು ನ್ಯೂಕ್ಲಿಯಸ್ ಅಲ್ಲ, ವ್ಯಾಕ್ಯುಯೋಲ್. ಶಾಲೆಯಲ್ಲಿ ರಸದಾನಿ ಅಂತ ಓದಿದ್ದೆವಲ್ಲ, ಅದೇ. ಬಣ್ಣ ಹಾಕದೆ ನ್ಯೂಕ್ಲಿಯಸ್ ಇಷ್ಟು ಚೆನ್ನಾಗಿ ಕಾಣುವುದಿಲ್ಲ.

ಜೀನ್‌ಗಳ ವಿಷಯವೂ ಇದೇ ಜಾಗದಿಂದ ಶುರುವಾಯಿತು. ಯೀಸ್ಟ್‌ಗೆ ಸಾರಜನಕ ಸಿಗದಿದ್ದರೆ ಅದು ತನ್ನ ಒಳಗಿನ ಸರಕನ್ನೇ ಕರಗಿಸಿಕೊಂಡು ಬದುಕುತ್ತದೆ. ಅದಕ್ಕಾಗಿ ಎರಡು ಪದರದ ಹೊಸ ಪೊರೆ ಬೆಳೆದು, ಸರಕನ್ನು ಚೀಲದಂತೆ ಸುತ್ತಿಕೊಂಡು ರಸದಾನಿಗೆ ಸೇರುತ್ತದೆ. ಆದರೆ ಚೀಲ ಒಳಗೆ ಬಿದ್ದ ಕೂಡಲೇ ಜೀರ್ಣವಾಗಿಬಿಡುತ್ತದೆ. ಹಾಗಾದರೆ ನೋಡುವುದು ಹೇಗೆ? ಜಪಾನಿನ ಯೋಶಿನೊರಿ ಒಸುಮಿ, ರಸದಾನಿಯ ಜೀರ್ಣಕ ಎಂಜೈಮ್‌ಗಳೇ ಇಲ್ಲದ ಯೀಸ್ಟ್ ತೆಗೆದುಕೊಂಡು ಉಪವಾಸ ಹಾಕಿದರು. ಕೆಲವೇ ಗಂಟೆಗಳಲ್ಲಿ ರಸದಾನಿ ತುಂಬ, ಜೀರ್ಣವಾಗದೆ ಉಳಿದ ಆ ಚೀಲಗಳು ಗುಂಡು ಕಣಗಳಾಗಿ ಕುಣಿಯುತ್ತಿದ್ದವು. ಮೊದಲು ಕಂಡದ್ದು ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್‌ನಲ್ಲೇ! ನನಗೆ ಇದು ಇಂದಿಗೂ ರೋಮಾಂಚನ.

ಚೀಲ ಕಟ್ಟಲಾರದ ಯೀಸ್ಟ್ ಹಸಿವಿಗೆ ಬೇಗ ಸಾಯುತ್ತದೆ. ಈ ಗುಣ ಹಿಡಿದು ಅವರ ತಂಡ 1993ರಲ್ಲಿ ಚೀಲ ಕಟ್ಟುವ ಕೆಲಸಕ್ಕೆ ಬೇಕಾದ 15 ಜೀನ್‌ಗಳನ್ನು ಗುರುತಿಸಿತು. ತನ್ನ ಸರಕನ್ನೇ ಕರಗಿಸಿಕೊಳ್ಳುವ ಈ ಕೆಲಸಕ್ಕೆ ಆಟೊಫೇಜಿ ಅನ್ನುತ್ತಾರೆ, ಅದರಿಂದಲೇ ಈಗ ಆ ಜೀನ್‌ಗಳಿಗೆ ಎಟಿಜಿ (ATG) ಅಂತ ಹೆಸರು. ಎಟಿಜಿ1 ಕೆಲಸಕ್ಕೆ ಚಾಲನೆ ಕೊಡುತ್ತದೆ. ಎಟಿಜಿ8ರ ಪ್ರೋಟೀನು ಪೊರೆಯ ಕೊಬ್ಬಿಗೇ ಅಂಟಿಕೊಂಡು ಚೀಲ ಬೆಳೆಯಲು ನೆರವಾಗುತ್ತದೆ. ಹೊಟ್ಟೆ ತುಂಬಿದ್ದಾಗ ಟಾರ್ ಎಂಬ ಪ್ರೋಟೀನು ಎಟಿಜಿ1ನ್ನು ತಡೆದಿಟ್ಟಿರುತ್ತದೆ. ಅಂದರೆ ಒಂದೇ ಜೀನ್ ಅಲ್ಲ, ಒಂದು ಗುಂಪೇ ಸೇರಿ ಮಾಡುವ ಕೆಲಸ. ಒಸುಮಿಯವರಿಗೆ 2016ರಲ್ಲಿ ನೊಬೆಲ್ ಬಂತು.

ಮನೆಯಲ್ಲಿ ಹೀಗೆ ಮಾಡಿ. ಎರಡು ಲೋಟ ಇಡಿ. ಒಂದರಲ್ಲಿ ಬರೀ ಸಕ್ಕರೆ ನೀರು, ಅದರಲ್ಲಿ ಸಾರಜನಕ ಇಲ್ಲ. ಇನ್ನೊಂದರಲ್ಲಿ ಮೊಳಕೆ ಹೆಸರುಕಾಳು ಬೇಯಿಸಿದ ಕಟ್ಟನ್ನು ಆರಿಸಿ, ಬಟ್ಟೆಯಲ್ಲಿ ಸೋಸಿ, ಸಕ್ಕರೆ ಬೆರೆಸಿ. ಎರಡಕ್ಕೂ ಚಿಟಿಕೆ ಯೀಸ್ಟ್. ಕಟ್ಟಿನದನ್ನು ನಾಲ್ಕೈದು ಗಂಟೆಗೆ ನೋಡಿ, ಸಕ್ಕರೆ ನೀರಿನದನ್ನು ಮರುದಿನ ಬೆಳಿಗ್ಗೆ. ಬೆಳೆಯುವ ಕೋಶಗಳಲ್ಲಿ ರಸದಾನಿ ಸಾಮಾನ್ಯವಾಗಿ ಚಿಕ್ಕದು, ಹಲವು ತುಂಡು. ಉಪವಾಸದವುಗಳಲ್ಲಿ ಒಂದೇ ದೊಡ್ಡದು. ಮೈಕ್ರೋಸ್ಕೋಪ್‌ನ 40ರ ಆಬ್ಜೆಕ್ಟಿವ್ (40 ಪಟ್ಟಿನ ಮಸೂರ) ಸಾಕು, ಆದರೆ ಕೆಳಗೆ ಬೆಳಕು ಹೆಚ್ಚು ಕಡಿಮೆ ಮಾಡುವ ಡಯಾಫ್ರಂ ಸ್ವಲ್ಪ ಮುಚ್ಚಿ. ಬೆಳಕು ಜಾಸ್ತಿಯಾದರೆ ಏನೂ ಕಾಣಿಸುವುದಿಲ್ಲ. ಯೀಸ್ಟನ್ನು ಕಲಸಿದ ಹಿಟ್ಟಿನಿಂದ ತೆಗೆಯಬೇಡಿ, ಪಿಷ್ಟದ ಕಣಗಳನ್ನೇ ಕೋಶ ಅಂದುಕೊಳ್ಳುವ ಹಾಗಾಗುತ್ತದೆ.

ರಸದಾನಿಯಲ್ಲಿ ಚುಕ್ಕಿ ಕುಣಿಯುವುದು ಕಂಡರೆ ಒಸುಮಿ ನೋಡಿದ್ದೇ ಅಂತ ತೀರ್ಮಾನಿಸಬೇಡಿ. ನಮ್ಮ ಅಂಗಡಿ ಯೀಸ್ಟ್‌ನಲ್ಲಿ ಎಂಜೈಮ್ ಇದ್ದೇ ಇರುತ್ತದೆ. ಅದು ಫಾಸ್ಫೇಟ್ ಕಣ ಇರಬಹುದು. ಫೋಟೋ ಹಾಕುವಾಗ ಯಾವ ಲೋಟ, ಎಷ್ಟು ಗಂಟೆ ಅಂತ ಬರೆಯಿರಿ, ಹೋಲಿಸಿ ನೋಡೋಣ.