ಹಳೆಯ ತೋಟೆ ಕೋವಿಯ ತುಕ್ಕು ತೆಗೆಯುವುದು ಹೇಗೆ?

ಉಡುಪಿಯ ಕಡೆ ಬೆಳೆ ರಕ್ಷಣೆಯ ಪರವಾನಗಿಯಲ್ಲಿರುವ ಅಜ್ಜನ ಜೋಡಿನಳಿಗೆಯ ಕೋವಿಗೆ ಕೆಂಪು ತುಕ್ಕು ಹಿಡಿದಿದೆ, ಮರಳುಕಾಗದ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ.

ಮೊದಲು ತೋಟೆ ಒಳಗಿಲ್ಲವೆಂದು ಎರಡು ಸಲ ನೋಡಿಕೊಳ್ಳಿ. ನಳಿಗೆಗೆ ಹೊಲಿಗೆ ಯಂತ್ರದ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ಮರುದಿನ ಅತಿ ನಯವಾದ ಉಕ್ಕಿನ ನಾರನ್ನು ಎಣ್ಣೆಯಲ್ಲಿ ಅದ್ದಿ ಮೆಲ್ಲನೆ ಉಜ್ಜಿದರೆ ಕೆಂಪು ಕೆಸರು ಏಳುತ್ತದೆ. ಬಟ್ಟೆಯಲ್ಲಿ ಒರೆಸುತ್ತ ಹೋಗಿ. ಗಟ್ಟಿ ಗಂಟುಗಳಿಗೆ ನಾನು ಬಳಸುವುದು ಮನೆಯಲ್ಲಿ ಸಿಕ್ಕಿದ 1943ರ ತೂತುಕಾಸು, ಅಂದರೆ ನಡುವೆ ತೂತಿರುವ ಕಂಚಿನ ನಾಣ್ಯ. ಕಂಚು ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ. ವಿನೆಗರ್ ಬೇಡ, ಅದು ತುಕ್ಕಿನ ಜೊತೆಗೆ ಹಳೆಯ ಕಪ್ಪು ಲೇಪವನ್ನೂ ತಿಂದುಹಾಕುತ್ತದೆ.

ಆ ಕಪ್ಪು ಲೇಪ ಬಳಿದ ಬಣ್ಣವಲ್ಲ, ಅದೂ ಒಂದು ಬಗೆಯ ತುಕ್ಕೇ. ಹದವಾಗಿ ಕೆಂಪು ತುಕ್ಕು ಬರಿಸಿ, ನಳಿಗೆಯನ್ನು ಶುದ್ಧ ನೀರಿನಲ್ಲಿ ಕುದಿಸಿದರೆ ಅದು ಕಪ್ಪು ಆಕ್ಸೈಡ್ ಆಗುತ್ತದೆ. ಉಜ್ಜಿ ಮತ್ತೆ ಮತ್ತೆ ಹೀಗೆ ಮಾಡಿದಾಗ ಮೈ ತುಂಬುತ್ತದೆ. ಪರವಾನಗಿ ಪಡೆದ ಕೋವಿ ರಿಪೇರಿಯವರಿಂದಲೇ ಮಾಡಿಸಿ. ಬಿಸಿ ಕಾಸ್ಟಿಕ್ ದ್ರಾವಣದಲ್ಲಿ ಅದ್ದುವ ವಿಧಾನವನ್ನು ಮಾತ್ರ ಒಪ್ಪಬೇಡಿ, ಎರಡು ನಳಿಗೆಗಳನ್ನು ಹಿಡಿದಿರುವ ಬೆಸುಗೆ ಅದರಲ್ಲಿ ಹಾಳಾಗುತ್ತದೆ. ಕ್ರಮಸಂಖ್ಯೆ ಅಳಿಸಿದರಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ನಳಿಗೆಯ ಒಳಗೆ ಗುಳಿ ಬಿದ್ದಿದ್ದರೆ ತಜ್ಞರು ನೋಡುವವರೆಗೆ ಹಾರಿಸಲೇಬೇಡಿ.

ನಮ್ಮ ಉಪ್ಪುಗಾಳಿಯಲ್ಲಿ ಚರ್ಮದ ಚೀಲ ಕೋವಿಗೆ ಶತ್ರು. ತೇವ ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆಬಟ್ಟೆ ಆಡಿಸಿ. ತೆಂಗಿನೆಣ್ಣೆ ಬೇಡ, ಕಮಟು ಹಿಡಿಯುತ್ತದೆ.