ಶತ್ರುವಿನ ತಲೆಯ ಮೇಲಿನ ಅಂಕಿ

ಈ ದಂಪತಿಯ ವಯಸ್ಸು, ಉದ್ಯೋಗ ಮುಂತಾದ ಗುರುತಿನ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. "ಆಟದ ಚಟ ಬಿಡಿಸಿಕೊಡಿ" ಎಂದು ಮನೆಯವರನ್ನು ಕರೆತರುವವರು ಹೆಚ್ಚಾಗಿ ಪರಿಹಾರವನ್ನೂ ತಾವೇ ನಿರ್ಧರಿಸಿಕೊಂಡು ಬಂದಿರುತ್ತಾರೆ. ಆಟದ ಸಾಧನವನ್ನು ಕಿತ್ತಿಡಬೇಕು, ಅದಕ್ಕೆ ಆಪ್ತಸಲಹೆಗಾರರ ಮುದ್ರೆ ಬೀಳಬೇಕು. ಈ ಪ್ರಕರಣದಲ್ಲಿ ನಾನು ಆ ಮುದ್ರೆಯನ್ನು ಒತ್ತುವುದರಲ್ಲಿದ್ದೆ. ಒತ್ತಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಪತಿಗೆ 38, ಪತ್ನಿಗೆ 35, ಒಬ್ಬಳು ಚಿಕ್ಕ ಮಗಳು. ಮಗಳು ಮಲಗಿದ ಮೇಲೆ ಪತಿ ನಿಂಟೆಂಡೊ ಸ್ವಿಚ್ ಎಂಬ ವಿಡಿಯೊ ಗೇಮ್ ಸಾಧನ ಹಿಡಿದು ಕುಳಿತರೆ ರಾತ್ರಿ ಎರಡು ಗಂಟೆಯವರೆಗೆ ಏಳುತ್ತಿರಲಿಲ್ಲ. ಐದು ತಿಂಗಳಿಂದ ಹೀಗೇ ನಡೆದಿತ್ತು. ಮೊದಲ ಭೇಟಿಯಲ್ಲಿ ಮಾತೆಲ್ಲ ಪತ್ನಿಯದೇ. "ಅದೊಂದು ಹೊತ್ತು ಮನಸ್ಸು ಹಗುರವಾಗಿರುತ್ತದೆ" ಎಂದದ್ದನ್ನು ಬಿಟ್ಟರೆ ಪತಿ ಬಾಯಿ ಬಿಡಲಿಲ್ಲ. ಅವರು ಹೊರಟ ಮೇಲೆ ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ: ಎರಡು ವಾರ ಸಾಧನ ಪತ್ನಿಯ ವಶದಲ್ಲಿರಲಿ.

ಮರುದಿನ ಅದನ್ನು ಓದಿದಾಗ ಕಸಿವಿಸಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ವ್ಯಸನವೂ ಅದರಲ್ಲಿ ಒಂದು ಕಾಯಿಲೆ. ಆದರೆ ಅದಕ್ಕೆ ಅಳತೆಗೋಲು ಇದೆ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ಹಾನಿಯಾಗುತ್ತಿದ್ದರೂ ಅದು ಮುಂದುವರಿಯಬೇಕು. ಬದುಕಿಗೆ ಗಣನೀಯ ಪೆಟ್ಟು ಬಿದ್ದಿರಬೇಕು. ಸಾಮಾನ್ಯವಾಗಿ ಇದೆಲ್ಲ ಕನಿಷ್ಠ 12 ತಿಂಗಳು ಕಂಡುಬರಬೇಕು. ಈ ಮನುಷ್ಯ ಕೆಲಸಕ್ಕೆ ಒಂದು ದಿನವೂ ತಪ್ಪಿಸಿಕೊಂಡಿರಲಿಲ್ಲ. ಮಗಳನ್ನು ಶಾಲೆಗೆ ಬಿಡುತ್ತಿದ್ದರು. ಕೆಟ್ಟಿದ್ದು ನಿದ್ದೆ ಮತ್ತು ಹೆಂಡತಿಯೊಡನೆ ಮಾತು. ಎರಡೂ ಸಣ್ಣ ವಿಷಯಗಳಲ್ಲ. ಆದರೂ ಕಾರಣ ತಿಳಿಯದೆ ಚಟ ಎಂಬ ಹಣೆಪಟ್ಟಿ ಕಟ್ಟಲು ನನಗೆ ಅಧಿಕಾರವಿರಲಿಲ್ಲ. ಎರಡನೆಯ ಭೇಟಿಗೆ ಸಾಧನವನ್ನೂ ತರಲು ಹೇಳಿದೆ.

ಆಟದ ಹೆಸರು ಸ್ಲೇ ದ ಸ್ಪೈರ್. ಮಾಂತ್ರಿಕ ಗೋಪುರವೊಂದನ್ನು ಹತ್ತುತ್ತಾ ದಾರಿಯಲ್ಲಿ ಸಿಗುವ ಪ್ರಾಣಿ, ದೈತ್ಯರೊಡನೆ ಕಾರ್ಡುಗಳಿಂದ ಹೋರಾಡಬೇಕು. ಪ್ರತಿ ಸರದಿಗೆ ಐದು ಕಾರ್ಡು ಕೈಗೆ ಬರುತ್ತವೆ, ಖರ್ಚು ಮಾಡಲು ಮೂರು ಶಕ್ತಿ ಇರುತ್ತದೆ. ಸತ್ತರೆ ಮೊದಲಿನಿಂದ ಆರಂಭ. ಪತಿ ಇದನ್ನು ವಿವರಿಸುವಾಗ ಅವರ ದನಿಯೇ ಬೇರೆಯಾಗಿತ್ತು. ಅರ್ಧಕ್ಕೆ ನಿಲ್ಲಿಸಿದ್ದ ಆಟವನ್ನು ತೆರೆದರು. ಮೊದಲ ಘಟ್ಟದ ಕೊನೆಯಲ್ಲಿ ಕಾದಿರುವ ಗಾರ್ಡಿಯನ್ ಎಂಬ ಯಂತ್ರದೈತ್ಯನ ಎದುರಿನ ಕಾಳಗ ಅದು. ಪತ್ನಿ ಕುರ್ಚಿಯನ್ನು ಸ್ವಲ್ಪ ದೂರ ಸರಿಸಿಕೊಂಡು ಕುಳಿತರು.

ಒಂದು ಹಂತದಲ್ಲಿ ಪತಿಯ ವೀರನಿಗೆ 27 ಅಂಕದ ಪ್ರಾಣವಷ್ಟೇ ಉಳಿದಿತ್ತು. ದೈತ್ಯನ ತಲೆಯ ಮೇಲೆ ಆಯುಧದ ಚಿಹ್ನೆ, ಪಕ್ಕದಲ್ಲಿ 32 ಎಂಬ ಅಂಕಿ.

"ಅದೇನು?" ಎಂದು ಕೇಳಿದೆ.

"ಮುಂದಿನ ಏಟು. 32 ಬೀಳುತ್ತದೆ. ಮೊದಲೇ ತೋರಿಸಿಬಿಡುತ್ತದೆ."

ತಲಾ ಐದು ಅಂಕದಷ್ಟು ಏಟು ತಡೆಯುವ ಮೂರು ರಕ್ಷಣೆಯ ಕಾರ್ಡುಗಳನ್ನು ಒಂದಾದ ಮೇಲೊಂದು ಇಳಿಸಿದರು. 32ರಲ್ಲಿ 15 ಕಳೆಯಿತು, 17 ತಗಲಿತು, ಹತ್ತು ಉಳಿಯಿತು. ಉಗುರು ಕಚ್ಚಲಿಲ್ಲ, ಉಸಿರು ಬಿಗಿಹಿಡಿಯಲಿಲ್ಲ. ಹತ್ತು ಉಳಿಯುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಮನಸ್ಸು ಹಗುರವಾಗುತ್ತದೆ ಎಂದದ್ದು ಯಾವುದನ್ನು ಎಂಬುದು ನನಗೆ ಆಗ ಹೊಳೆಯಿತು.

ದೈತ್ಯ ಬಿದ್ದ ಮೇಲೆ ಪೆಟ್ಟಿಗೆಯೊಂದು ತೆರೆದು, ಮೂರು ಮಾಂತ್ರಿಕ ವಸ್ತುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿತು. ಒಂದರ ಹೆಸರು ರೂನಿಕ್ ಡೋಮ್. ಪ್ರತಿ ಸರದಿಗೂ ಒಂದು ಶಕ್ತಿಯನ್ನು ಹೆಚ್ಚಿಗೆ ಕೊಡುತ್ತದೆ. ಮೂರು ಇದ್ದದ್ದು ನಾಲ್ಕಾಗುವುದು ದೊಡ್ಡ ಲಾಭವೇ. ಆದರೆ ಅದನ್ನು ಆರಿಸಿದರೆ ಶತ್ರುಗಳ ತಲೆಯ ಮೇಲಿನ ಚಿಹ್ನೆ ಮತ್ತೆ ಕಾಣಿಸುವುದಿಲ್ಲ. ಪತಿ ಅದನ್ನು ಪೂರ್ತಿ ಓದುವ ಗೋಜಿಗೂ ಹೋಗದೆ ಮುಂದಿನದಕ್ಕೆ ಸರಿದರು.

"ಅದನ್ನು ಏಕೆ ಬಿಟ್ಟಿರಿ?"

"ಇದನ್ನು ನಾನು ಯಾವತ್ತೂ ತೆಗೆದುಕೊಳ್ಳುವುದಿಲ್ಲ. ಎಷ್ಟು ಶಕ್ತಿ ಇದ್ದರೇನು, ಮುಂದೆ ಏನು ಬರುತ್ತದೆ ಎಂದು ಗೊತ್ತಿಲ್ಲದೆ ಹೇಗೆ ಆಡುವುದು?"

ಅಲ್ಲಿಯವರೆಗೆ ಸುಮ್ಮನಿದ್ದ ಪತ್ನಿ ಮೆಲ್ಲಗೆ ಹೇಳಿದರು: "ಆಟದಲ್ಲೂ ನಿಮಗೆ ಅದು ಬೇಡ. ಐದು ತಿಂಗಳಿಂದ ನಿಮ್ಮ ಮುಖದ ಮೇಲೆ ನನಗೆ ಏನೂ ಕಾಣಿಸುತ್ತಿಲ್ಲ. ನಾನು ಹೇಗೆ ಸಂಸಾರ ಮಾಡಲಿ?"

ಪತಿ ಸಾಧನವನ್ನು ತೊಡೆಯ ಮೇಲೆ ಮಗುಚಿ ಇಟ್ಟರು. ಅದರ ಸಂಗೀತ ಇನ್ನೂ ಕೇಳಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಮಾತು ಹೊರಬಂತು. ಕಚೇರಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ತಂಡದಲ್ಲಿ ಹನ್ನೊಂದು ಜನರಿದ್ದರು, ಈಗ ನಾಲ್ವರು. ಯಾವ ಬೆಳಿಗ್ಗೆ ಯಾರ ಸರದಿ ಎಂದು ಮೇಲಿನವರು ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಹೇಳಿದರೆ ಅವಳ ನಿದ್ದೆಯೂ ಹೋಗುತ್ತದೆ, ಅದಕ್ಕೇ ಹೇಳಲಿಲ್ಲ. "ನನ್ನ ನಿದ್ದೆ ಹೋಗಿ ಐದು ತಿಂಗಳಾಯಿತು" ಎಂದರು ಪತ್ನಿ. ಅವರಿಗೆ ಬಂದ ಸಿಟ್ಟು ಕೆಲಸದ ಬಗ್ಗೆಯಲ್ಲ, ಮುಚ್ಚಿಟ್ಟದ್ದರ ಬಗ್ಗೆ. ಆ ಸಿಟ್ಟನ್ನು ನಾನು ತಡೆಯಲು ಹೋಗಲಿಲ್ಲ. ಅದು ನ್ಯಾಯವಾದದ್ದೇ ಆಗಿತ್ತು.

ನಾನು ಕೊಟ್ಟ ಸಲಹೆ ಇದು. ಸಾಧನವನ್ನು ಕಿತ್ತಿಡುವುದು ಬೇಡ. ಆದರೆ ಅದನ್ನು ಕೈಗೆತ್ತಿಕೊಳ್ಳುವ ಮುನ್ನ ದಿನವೂ ಹತ್ತು ನಿಮಿಷ ಪತಿ ಮಾತನಾಡಬೇಕು. ಇಂದು ಕಚೇರಿಯಲ್ಲಿ ಏನಾಯಿತು, ಸಂಬಳ ನಿಂತರೆ ಉಳಿತಾಯ ಎಷ್ಟು ತಿಂಗಳಿಗೆ ಸಾಕಾಗುತ್ತದೆ, ಸಾಲದ ಕಂತು ಎಷ್ಟಿದೆ. "ಏನಾಗುತ್ತದೋ ನೋಡೋಣ" ಎಂಬಂಥ ಮಾತು ನಡೆಯದು, ಅಂಕಿಗಳಲ್ಲೇ ಹೇಳಬೇಕು. ಆ ಹತ್ತು ನಿಮಿಷ ಪತ್ನಿ ಪರಿಹಾರ ಹೇಳಬಾರದು, ಕೇಳಿಸಿಕೊಳ್ಳಬೇಕು. ಆಮೇಲೆ ಆಟ. ಅದಕ್ಕೆ ಗಡಿಯಾರದ ಮಿತಿಯನ್ನು ಹಾಕಲಿಲ್ಲ. ಆಟದಲ್ಲಿ ಮುಖ್ಯವಾಗಿ ಮೂರು ಘಟ್ಟಗಳಿವೆ, ರಾತ್ರಿಗೆ ಒಂದು ಘಟ್ಟ ಎಂದೆ. ಕಾಳಗದ ನಡುವೆ "ಹನ್ನೊಂದಾಯಿತು, ಏಳಿ" ಎಂದರೆ ಯಾರಿಗಾದರೂ ರೇಗುತ್ತದೆ. ಘಟ್ಟ ಮುಗಿದಾಗ ಮನಸ್ಸೇ ನಿಲ್ಲಲು ಸಿದ್ಧವಾಗಿರುತ್ತದೆ. ಆಟವನ್ನು ಉಳಿಸಿ ಹೊರಬಂದರೆ ಮರುದಿನ ಅಲ್ಲಿಂದಲೇ ಹತ್ತಬಹುದು, ಹಾಗಾಗಿ "ನಿಲ್ಲಿಸಿದರೆ ಎಲ್ಲ ಹೋಗುತ್ತದೆ" ಎಂಬ ನೆಪಕ್ಕೆ ಎಡೆಯಿಲ್ಲ. ಸಾಧನದ ಚಾರ್ಜರ್ ಮಲಗುವ ಕೋಣೆಯಲ್ಲಿ ಇರಕೂಡದು.

ಈ ಸಲಹೆ ಸಡಿಲವಾಯಿತೆಂದು ಜೊತೆಗಾರರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಆ ಮನುಷ್ಯನಿಗೆ ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಮುಂದಿನ ಏಟು ಕಣ್ಣಿಗೆ ಕಾಣುತ್ತಿದ್ದ ಜಾಗ ಅದೊಂದೇ. ಅದನ್ನು ಮುಚ್ಚಿದ್ದರೆ ಅವರು ಮಾತನಾಡುತ್ತಿರಲಿಲ್ಲ, ಇನ್ನಷ್ಟು ಒಳಗೆ ಸರಿಯುತ್ತಿದ್ದರು. ಎಲ್ಲ ಆಟಗಳಿಗೂ ನಾನು ಇದೇ ಮಾತು ಹೇಳುವುದಿಲ್ಲ. ಈ ಆಟವನ್ನು ಒಮ್ಮೆ ಕೊಂಡರೆ ಮುಗಿಯಿತು, ಒಳಗೆ ಮತ್ತೆ ಹಣ ಕೇಳುವುದಿಲ್ಲ. ಒಳಗೇನಿದೆ ಎಂದು ತಿಳಿಯದ ಕಾರ್ಡಿನ ಪೊಟ್ಟಣಗಳನ್ನು ಹಣಕ್ಕೆ ಮಾರುವ ಆಟಗಳೂ ಇವೆ. ಅಂಥ ಪ್ರಕರಣ ಬಂದರೆ ನಾನು ಮೊದಲು ಕೇಳುವುದು ಬ್ಯಾಂಕ್ ಖಾತೆಯ ವಿವರವನ್ನು, ಸಲಹೆಯೂ ಕಠಿಣವಾಗಿರುತ್ತದೆ. ಯಾವ ಆಟ ಎಂದು ಕೇಳದೆ, ಹೇಗೆ ಆಡುತ್ತಾರೆಂದು ಪಕ್ಕದಲ್ಲಿ ಕುಳಿತು ನೋಡದೆ ತೀರ್ಪು ಕೊಡಬೇಡಿ ಎಂದು ಮನೆಯವರಲ್ಲಿ ಕೈಮುಗಿದು ಕೇಳುತ್ತೇನೆ. ಮಕ್ಕಳನ್ನು ಕರೆತರುವ ತಂದೆತಾಯಿಗೂ ಇದನ್ನೇ ಹೇಳುತ್ತೇನೆ. ಅರ್ಧ ಗಂಟೆ ಸಾಕು.

ಮೊದಲ ಎರಡು ವಾರ ಹತ್ತು ನಿಮಿಷದ ಮಾತು ಜಗಳದಲ್ಲೇ ಮುಗಿಯುತ್ತಿತ್ತಂತೆ. ಒಂದೆರಡು ರಾತ್ರಿ ಘಟ್ಟದ ಲೆಕ್ಕವೂ ತಪ್ಪಿತು. ನಾಲ್ಕನೆಯ ಭೇಟಿಗೆ ಬಂದಾಗ ಮನೆ ಖರ್ಚಿನ ಪಟ್ಟಿಯೊಂದು ಪತ್ನಿಯ ಕೈಚೀಲದಲ್ಲಿತ್ತು, ಇಬ್ಬರ ಕೈಬರಹವೂ ಅದರಲ್ಲಿತ್ತು.

ಮೂರು ತಿಂಗಳ ನಂತರ ಕೆಲಸ ಹೋಯಿತು. ಪತಿ ಮಧ್ಯಾಹ್ನವೇ, ಕಚೇರಿಯ ಮೆಟ್ಟಿಲ ಮೇಲೆ ನಿಂತು ಪತ್ನಿಗೆ ಫೋನ್ ಮಾಡಿದರು. ಆ ಕರೆ ಮುಗಿದ ಮೇಲೆ ಪತ್ನಿ ನನಗೆ ಮಾಡಿದರು, ಆ ವಾರವೇ ಇಬ್ಬರೂ ಒಟ್ಟಿಗೆ ಬರಲು ಸಮಯ ಸಿಗುತ್ತದೆಯೇ ಎಂದು ಕೇಳಲು.